ಮೇಸ್ತ್ರಿಗೆ ರಜೆ ಕೊಟ್ಟ ದಿನ

ಜಯನಗರದ ನಮ್ಮ ಪಾರ್ಕಿನಲ್ಲಿ ಯುರೋಪು ಎಷ್ಟು ಸಲ ಮುಳುಗಿದೆಯೋ ಹೇಳಲಾರೆ. ಬಹುಪಾಲು ನಾನೇ ಮುಳುಗಿಸಿದ್ದೇನೆ. ಬೆಳಿಗ್ಗೆ ಆರೂವರೆಗೆ ನಡೆಯಲು ಸೇರುವ ನಮ್ಮ ಗುಂಪಿನಲ್ಲಿ ನಿವೃತ್ತ ಬ್ಯಾಂಕ್ ಮ್ಯಾನೇಜರಿದ್ದರು, ನಿವೃತ್ತ ಪ್ರಿನ್ಸಿಪಾಲರಿದ್ದರು, ಮಂಡಿ ಆಪರೇಷನ್ ಮಾಡಿಸಿಕೊಂಡವರು ಇಬ್ಬರಿದ್ದರು. ಸ್ವಂತ ಕಾರ್ಖಾನೆ ಇದ್ದವನು ನಾನೊಬ್ಬನೇ. ಹೀಗಾಗಿ ಉತ್ಪಾದನೆ, ರಫ್ತು ಎಂಬ ಮಾತು ಬಂದ ಕೂಡಲೇ ಎಲ್ಲರೂ ನನ್ನ ಮುಖ ನೋಡುತ್ತಿದ್ದರು, ನಾನು ಗಂಟಲು ಸರಿಮಾಡಿಕೊಳ್ಳುತ್ತಿದ್ದೆ.

“ಜರ್ಮನಿಯಲ್ಲಿ ಒಬ್ಬ ಫಿಟ್ಟರ್‌ಗೆ ಕೊಡೋ ಸಂಬಳದಲ್ಲಿ ನಾನಿಲ್ಲಿ ಇಡೀ ಶೆಡ್ ನಡೆಸ್ತೀನಿ ಸಾರ್. ಕರೆಂಟ್ ದುಬಾರಿ, ಜಾಗ ದುಬಾರಿ, ಶನಿವಾರ ಕೆಲಸ ಮಾಡಲ್ಲ. ಎಷ್ಟು ದಿನ ಅಂತ ತಡ್ಕೋತಾರೆ?”

“ಅಷ್ಟಾದ್ರೂ ಅವ್ರ ಕಾರ್ಖಾನೆಗಳು ಮುಚ್ಚಿಲ್ವಲ್ಲ ಸಾರ್?” ಎಂದು ಪ್ರಿನ್ಸಿಪಾಲರು ಒಮ್ಮೆ ಕೇಳಿದರು.

“ಮುಚ್ತಾರೆ, ಮುಚ್ತಾರೆ,” ಎಂದೆ. ಅದರಲ್ಲಿ ನನಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಎಲ್ಲರೂ ಹೋಗಿ ಇಡ್ಲಿ ತಿಂದೆವು.

ನನ್ನ ಕಾರ್ಖಾನೆ ಎಂದರೆ ಜರಗನಹಳ್ಳಿಯ ಒಂದು ಹಿಂದಿನ ರಸ್ತೆಯಲ್ಲಿದ್ದ ತಗಡಿನ ಸೂರಿನ ಶೆಡ್ಡು. ಆ ಜಾಗದಲ್ಲಿ ಹಿಂದೆ ರಾಗಿ ಬೆಳೆಯುತ್ತಿದ್ದರಂತೆ. ಅದೇ ಮನೆತನದವರು ಈಗ ಬಾಡಿಗೆ ಬೆಳೆಯುತ್ತಿದ್ದರು. ಒಳಗೆ ಆರು ಮೆಷಿನ್ನು, ಹದಿನೈದು ಜನ. ನಾವು ಮಾಡುತ್ತಿದ್ದದ್ದು ಮುಖ್ಯವಾಗಿ ಒಂದೇ ವಸ್ತು: ಬೆರಳುದ್ದದ ಉಕ್ಕಿನ ಕೊಳವೆ. ಅದರ ಮೈಗೆ ನಾಲ್ಕು ತೂತು, ಒಳಗೆ ಜಾರುವ ಒಂದು ಪಿನ್ನು. ಪ್ಯಾಕೆಟ್ಟಿಗೆ ಹಾಲು ತುಂಬುವ ಯಂತ್ರಗಳಲ್ಲಿ ಅದು ಕೂತಿರುತ್ತದೆ. ಪಿನ್ನು ಸಲೀಸಾಗಿ ಜಾರಿದರೆ ಹಾಲು ಪ್ಯಾಕೆಟ್ಟಿಗೆ ಬೀಳುತ್ತದೆ, ಸಿಕ್ಕಿಕೊಂಡರೆ ನೆಲಕ್ಕೆ. ಜರ್ಮನಿಯ ಒಂದು ಸಣ್ಣ ಊರಿನ ಕಂಪನಿ ಹನ್ನೊಂದು ವರ್ಷಗಳಿಂದ ಅದನ್ನು ನಮ್ಮಿಂದ ತರಿಸಿಕೊಳ್ಳುತ್ತಿತ್ತು. ನಮ್ಮ ಕೆಲಸದಲ್ಲಿ ಮುಕ್ಕಾಲು ಪಾಲು ಅದೇ. ಆ ಆರ್ಡರ್ ಇದ್ದರೆ ಶೆಡ್ಡು, ಇಲ್ಲದಿದ್ದರೆ ಬಾಗಿಲು.

ಅವರ ಕಾರ್ಖಾನೆಗೆ ನಾನು ಒಂದು ಸಲ ಹೋಗಿಬಂದಿದ್ದೆ. ನಮ್ಮ ಕಲ್ಯಾಣಮಂಟಪಗಳಷ್ಟು ದೊಡ್ಡ ಹಾಲ್, ಅದರಲ್ಲಿ ಹುಡುಕಿದರೆ ಹನ್ನೊಂದು ಜನ. ಮೆಷಿನ್ನುಗಳು ತಮ್ಮ ಪಾಡಿಗೆ ತಾವು ತಿರುಗುತ್ತಿದ್ದವು. ಸಂಜೆ ದೀಪ ಆರಿಸಿ ಹೋದ ಮೇಲೂ ತಿರುಗುತ್ತಿರುತ್ತವೆ ಎಂದರು. ಮಾಲೀಕರೇ ನನಗೆ ಕಾಫಿ ಮಾಡಿ ತಂದುಕೊಟ್ಟರು. ಅದಕ್ಕೂ ಆಳಿಟ್ಟುಕೊಳ್ಳಲಾಗದ ಸ್ಥಿತಿ ಎಂದು ನನಗೆ ಮರುಕವಾಯಿತು. ಗೋಡೆಯ ಮೇಲೊಂದು ಬೋರ್ಡಿತ್ತು. ಕೆಲಸದವರು ದಿನಾ ಅಲ್ಲಿ ತಮಗೆ ಎಲ್ಲಿ ತೊಂದರೆಯಾಯಿತು, ಏನು ಮಾಡಿದರೆ ಸರಿಹೋದೀತು ಎಂದು ಚೀಟಿ ಅಂಟಿಸಬೇಕು, ಮಾಲೀಕರು ಪ್ರತಿ ಬೆಳಿಗ್ಗೆ ಅದರ ಮುಂದೆ ನಿಂತು ಒಂದೊಂದನ್ನೂ ಓದಬೇಕು. ಬಂದು ಪಾರ್ಕಿನಲ್ಲಿ ಇದನ್ನು ಹೇಳಿ ಎಲ್ಲರನ್ನೂ ನಗಿಸಿದೆ. “ಮಾಲೀಕರು ಕೆಲಸದವರ ದೂರು ಓದ್ತಾ ನಿಂತಿದ್ರೆ ಕಾರ್ಖಾನೆ ಯಾರು ನಡೆಸ್ಬೇಕು ಸಾರ್?”

ಆದರೂ ಒಳ್ಳೆಯದನ್ನು ಎಲ್ಲಿಂದಲಾದರೂ ಕಲಿಯಬೇಕೆಂಬವನು ನಾನು. ನಮ್ಮ ಶೆಡ್ಡಿನಲ್ಲೂ ಒಂದು ಸಲಹಾ ಪೆಟ್ಟಿಗೆ ಹಾಕಿಸಿದೆ. ಯಾರೂ ದುರುಪಯೋಗ ಮಾಡಬಾರದೆಂದು ಬೀಗ ಹಾಕಿ ಕೀಲಿಕೈಯನ್ನು ಜಯನಗರದ ಮನೆಯಲ್ಲಿಟ್ಟೆ. ಎಲ್ಲಿಟ್ಟೆನೆಂದು ಇನ್ನೂ ನೆನಪಾಗಿಲ್ಲ.

ಹೀಗಿರುವಾಗ ಅಲ್ಲಿಂದ ಒಂದು ಮೇಲ್ ಬಂತು. ನಮ್ಮಲ್ಲಿ ಕ್ವಾಲಿಟಿ ನೋಡಿಕೊಳ್ಳುತ್ತಿದ್ದವಳು ಗದಗದ ಕಡೆಯ ಒಬ್ಬ ಹುಡುಗಿ. ಬಿಟಿಎಂನಲ್ಲಿ ರೂಮು ಮಾಡಿಕೊಂಡು ಇಬ್ಬರು ಗೆಳತಿಯರ ಜೊತೆ ಇದ್ದಳು. ಮೇಲ್‌ಗಳನ್ನು ಓದಿ ಹೇಳುವುದು, ಉತ್ತರ ಬರೆಯುವುದು ಅವಳದೇ. ಓದಿ ಅವಳ ಮುಖ ಅರಳಿತು.

“ಸರ್, ಹತ್ತು ವರ್ಷದಾಗ ನಮ್ಮ ಕೊಳವಿ ಒಂದೂ ವಾಪಸ್ ಬಂದಿಲ್ಲಂತ್ರಿ. ಬ್ಯಾರೆ ಕಡೆ ಮಾಡಿಸಿದ್ದೆಲ್ಲಾ ಆರು ತಿಂಗಳಿಗೆ ಸಿಕ್ಕೊಳ್ತಾವಂತ. ನಮ್ಮವು ಯಾಕ ಕೆಡಂಗಿಲ್ಲ ಅಂತ ತಿಳ್ಕೊಳ್ಳಾಕ ಒಬ್ಬರನ್ನ ಕಳಸ್ತಾರಂತ್ರಿ.”

ನಾನು ನಕ್ಕೆ. “ಚೆನ್ನಾಗಿದೆ ಅಂತ ನೋಡೋಕೆ ಯಾರಾದ್ರೂ ವಿಮಾನ ಹತ್ತಿ ಬರ್ತಾರೇನಮ್ಮ? ಏನೋ ತಪ್ಪು ಹುಡುಕೋಕೇ ಬರ್ತಿದ್ದಾರೆ. ರೇಟ್ ಇಳಿಸೋಕೆ ಇದೆಲ್ಲ ನಾಟಕ.”

ಈ ದೇಶದಲ್ಲಿ ನಲವತ್ತು ವರ್ಷ ಕಾರ್ಖಾನೆ ಕಂಡವನು ನಾನು. ಇನ್ಸ್‌ಪೆಕ್ಟರಾಗಿ ಬಂದವರೊಬ್ಬರೂ ನಿಮ್ಮ ಕೆಲಸ ಯಾಕಿಷ್ಟು ಚೆನ್ನಾಗಿದೆ ಎಂದು ಕೇಳಿದವರಲ್ಲ. ಹೊರಗಿನವರು ಬರುತ್ತಾರೆಂದರೆ ನಮಗೆ ಗೊತ್ತಿರುವುದು ಒಂದೇ ಕೆಲಸ, ಬಚ್ಚಿಡುವುದು.

ಮೂರು ದಿನ ಶೆಡ್ಡಿಗೆ ಮದುವೆ ಮನೆಯ ಕಳೆ. ನೆಲಕ್ಕೆ ಹಸಿರು ಬಣ್ಣ ಬಳಿಸಿದೆ, ಅದರ ಮೇಲೆ ಹಳದಿ ಗೆರೆ ಎಳೆಸಿದೆ. ಆ ಗೆರೆಗಳೊಳಗೆ ನಡೆಯಬೇಕೋ ಹೊರಗೆ ನಡೆಯಬೇಕೋ ಎಂಬುದು ನಮಗ್ಯಾರಿಗೂ ಗೊತ್ತಿರಲಿಲ್ಲ. ಬಾಗಿಲಿಗೆ ನರ್ಸರಿಯಿಂದ ಬಾಡಿಗೆಗೆ ತಂದ ಎಂಟು ಕುಂಡ. ಗೋಡೆಗೆ ಇಂಗ್ಲಿಷಿನಲ್ಲಿ ಐದು ಫಲಕ, ಎಲ್ಲದರಲ್ಲೂ ‘ಕ್ವಾಲಿಟಿ’ ಎಂಬ ಪದ. ಎಲ್ಲರಿಗೂ ನೀಲಿ ಟೀ ಶರ್ಟು.

ಎಲ್ಲ ಆದ ಮೇಲೂ ಒಂದು ಮೂಲೆ ನನ್ನ ಕಣ್ಣಿಗೆ ಚುಚ್ಚುತ್ತಿತ್ತು. ಹಿಂದಿನ ಕಿಟಕಿಯ ಪಕ್ಕ, ಮೇಸ್ತ್ರಿಯ ಜಾಗ.

ಮೇಸ್ತ್ರಿ ನಮ್ಮ ಹಳೆಯ ಫಿಟ್ಟರು. ಕನಕಪುರದ ಕಡೆಯವರು, ಐವತ್ತೆಂಟು ವರ್ಷ, ಕನ್ನಡಕದ ಕಾಲಿಗೆ ದಾರ ಕಟ್ಟಿಕೊಂಡಿದ್ದರು. ಮೆಷಿನ್ನಿನಿಂದ ಬಂದ ಕೊಳವೆಗಳೆಲ್ಲ ಡಬ್ಬಿ ಸೇರುವ ಮುಂಚೆ ಅವರ ಕೈ ದಾಟಿ ಹೋಗುತ್ತಿದ್ದವು. ಹಳೆಯ ಮರದ ಮೇಜು, ಸೀಮೆಣ್ಣೆ ತುಂಬಿದ ಅರ್ಧ ಕತ್ತರಿಸಿದ ಬಾಟಲು, ದೇವರ ದೀಪಕ್ಕೆ ಬತ್ತಿ ಹೊಸೆಯುವ ಹತ್ತಿಯ ಉಂಡೆ, ಬಿಸ್ಕೆಟ್ ಡಬ್ಬದ ತುಂಬ ಊದುಬತ್ತಿ ಉರಿದು ಉಳಿದ ಕಡ್ಡಿಗಳು. ಚಪ್ಪಲಿ ಬಿಟ್ಟು, ಸ್ಟೂಲಿನ ಮೇಲೆ ಒಂದು ಕಾಲು ಮಡಚಿ ಕೂತು, ಆ ಕಡ್ಡಿಯಿಂದ ಕೊಳವೆಯೊಳಗೆ ಏನೋ ಕೆರೆಯುತ್ತಿರುತ್ತಿದ್ದರು. ಏನು ಕೆರೆಯುತ್ತಾರೆಂದು ನಾನು ಕೇಳಿರಲಿಲ್ಲ. ಕ್ಲೀನ್ ಮಾಡ್ತಾರೆ ಅಂದುಕೊಂಡಿದ್ದೆ. ಜರ್ಮನಿಯವನು ಬಂದು ನೋಡಿದರೆ ಏನೆಂದುಕೊಂಡಾನು? ಹಾಲಿನ ಯಂತ್ರದ ಭಾಗಕ್ಕೆ ಊದುಬತ್ತಿ ಕಡ್ಡಿ!

“ಈ ಮೂಲೆ ಖಾಲಿ ಮಾಡ್ಸು,” ಎಂದೆ.

ಕ್ವಾಲಿಟಿ ಹುಡುಗಿ ಗಾಬರಿಯಾದಳು. “ಹಂಗ ಮಾಡಬ್ಯಾಡ್ರಿ ಸರ್. ಅವರು ನೋಡಾಕ ಬರಾಕತ್ತಿದ್ದ ಇದನ್ನ ಇರಬೇಕ್ರಿ. ಮೇಸ್ತ್ರಿಯವರನ್ನ ತೋರ್ಸೋಣು.”

“ನಿಂಗೆ ಗೊತ್ತಾಗಲ್ಲಮ್ಮ. ಅವ್ರಿಗೆ ಆಟೋಮ್ಯಾಟಿಕ್ ಇರ್ಬೇಕು.”

ಮೇಸ್ತ್ರಿಯನ್ನು ಕರೆದೆ. “ನಾಳೆ ನೀನು ಬರೋದು ಬೇಡ. ಸುಮ್ನೆ ರಜಾ ತಗೋ. ಸಂಬಳ ಹಿಡಿಯಲ್ಲ.”

“ಯಾಕ್ ಸಾರ್? ಬರೋರು ನನ್ ಕೆಲ್ಸ ನೋಡಲ್ವಾ?”

“ಅವ್ರು ಮೆಷಿನ್ ನೋಡಕ್ಕೆ ಬರ್ತಿರೋದು ಮೇಸ್ತ್ರಿ.”

“ಶರ್ಟು ಇಸ್ತ್ರಿಗೆ ಕೊಟ್ಟಿದ್ದೆ ಸಾರ್,” ಎಂದರು. ಆಮೇಲೆ ತಾವೇ, “ಪರ್ವಾಗಿಲ್ಲ ಬಿಡಿ,” ಎಂದು ತಮ್ಮ ಡಬ್ಬ, ಹತ್ತಿ, ಬಾಟಲು ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಹೋದರು. ನನಗೆ ನಿರಾಳವಾಯಿತು. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ, ಆದರೆ ಅವತ್ತು ಆದದ್ದು ನಿರಾಳವೇ.

ಮರುದಿನ ಅತಿಥಿಯನ್ನು ಕರೆತರಲು ಕಳಿಸಿದ ಕಾರು ಸಿಲ್ಕ್ ಬೋರ್ಡಿನ ಹತ್ತಿರ ಟ್ರಾಫಿಕ್ಕಿನಲ್ಲಿ ಸಿಕ್ಕಿಹಾಕಿಕೊಂಡಿತು. ಅದು ಇನ್ನೂ ಅಲ್ಲೇ ಇದ್ದಾಗ ಆತ ಮೆಟ್ರೋದಲ್ಲಿ ಬಂದು, ನಿಲ್ದಾಣದಿಂದ ನಡೆದು, ನಮ್ಮ ಕುಂಡಗಳ ಪಕ್ಕ ನಿಂತಿದ್ದ. ಐವತ್ತು ದಾಟಿದ ಸಣಕಲು ಮನುಷ್ಯ. ಹದಿನಾರನೇ ವಯಸ್ಸಿನಲ್ಲಿ ಅದೇ ಕಂಪನಿಗೆ ಕೆಲಸ ಕಲಿಯಲು ಸೇರಿದ್ದನಂತೆ, ಈಗ ಇಡೀ ಉತ್ಪಾದನೆ ಅವನ ಕೈಯಲ್ಲಿ. ನಿಧಾನವಾಗಿ, ಒಂದೊಂದೇ ಪದ ಇಟ್ಟು ಇಂಗ್ಲಿಷ್ ಮಾತಾಡುತ್ತಿದ್ದ. ಹಾರಕ್ಕೆ ಕತ್ತು ಕೊಟ್ಟ, ಎಳನೀರು ಕುಡಿದ, ಒಳಗೆ ಕಾಲಿಟ್ಟ. ಹಸಿರು ಬಣ್ಣ ಇನ್ನೂ ಒಣಗಿರಲಿಲ್ಲ. ಪ್ರತಿ ಹೆಜ್ಜೆಗೂ ಬೂಟು ನೆಲಕ್ಕಂಟಿ ಚಟ್ ಎನ್ನುತ್ತಿತ್ತು. ಆತ ಜೇಬಿನಿಂದ ಒಂದು ಪುಟ್ಟ ಪುಸ್ತಕ ತೆಗೆದು ಬರೆದುಕೊಂಡ. ಬಣ್ಣದ ಬಗ್ಗೆಯೇ ಇರಬೇಕು.

ಫಲಕಗಳನ್ನು ಆತ ನೋಡಲಿಲ್ಲ. ಸೀದಾ ಒಂದು ಕೊಳವೆ ಎತ್ತಿಕೊಂಡು, ಭೂತಗನ್ನಡಿ ತೆಗೆದು, ಮೈಯ ತೂತುಗಳ ಒಳ ಅಂಚನ್ನು ನೋಡಿದ. ಅಲ್ಲೇ ಇರುವುದು ಎಲ್ಲ ಕಷ್ಟ. ಉಕ್ಕಿಗೆ ತೂತು ಕೊರೆದಾಗ ಒಳ ಅಂಚಿಗೆ ಕೂದಲಿನಂಥ ಒಂದು ಚೂರು ಅಂಟಿಕೊಂಡು ಉಳಿಯುತ್ತದೆ. ಕಣ್ಣಿಗೆ ಕಾಣದು. ಆರು ತಿಂಗಳು ಯಂತ್ರ ಓಡಿದ ಮೇಲೆ ಅದು ಕಳಚಿ ಪಿನ್ನಿಗೆ ಅಡ್ಡ ಬೀಳುತ್ತದೆ.

“ಈ ಅಂಚನ್ನು ಸ್ವಚ್ಛ ಮಾಡುವವರು ಯಾರು?” ಎಂದು ಕೇಳಿದ.

“ಮೆಷಿನ್,” ಎಂದೆ. ಬ್ರಶ್ಶು ತಿರುಗುವ ಹೊಸ ಮೆಷಿನ್ನಿಗೆ ಕೈ ತೋರಿಸಿದೆ. ಅದರ ಮೇಲೆ ಅರಿಶಿನ ಕುಂಕುಮ ಇನ್ನೂ ಮಾಸಿರಲಿಲ್ಲ.

ಆತನ ಮುಖ ಸ್ವಲ್ಪ ಇಳಿಯಿತು. “ಇದೇ ಮೆಷಿನ್ ನಮ್ಮಲ್ಲೂ ಇದೆ. ಅದು ಪೂರ್ತಿ ತೆಗೆಯುವುದಿಲ್ಲ.”

“ನಮ್ಮ ಸೆಟ್ಟಿಂಗ್ ಬೇರೆ,” ಎಂದೆ. ಯಾವ ಸೆಟ್ಟಿಂಗ್ ಎಂದು ಆತ ಕೇಳಿದಾಗ ಅದು ಗುಟ್ಟು ಎಂದು ನಕ್ಕೆ. ನಗು ಚೆನ್ನಾಗಿಯೇ ಬಂತು.

ಹಿಂದಿನ ಕಿಟಕಿಯ ಹತ್ತಿರ ಬಂದಾಗ ಆತ ನಿಂತ. ಖಾಲಿ ಮೇಜು. ಅದರ ಅಂಚಿನಲ್ಲಿ ಮೊಣಕೈ ಊರಿ ಊರಿ ಮರ ಸವೆದು, ಬಟ್ಟಲಿನ ಹಾಗೆ ಒಂದು ತಗ್ಗಾಗಿತ್ತು. ಆತ ಅದರ ಮೇಲೆ ಬೆರಳಾಡಿಸಿ, “ಇಲ್ಲಿ ಯಾರು ಕೂರುತ್ತಾರೆ?” ಎಂದ. ಕ್ವಾಲಿಟಿ ಹುಡುಗಿ ನನ್ನನ್ನೇ ನೋಡುತ್ತಿದ್ದಳು.

“ಯಾರೂ ಇಲ್ಲ. ಸಾಮಾನಿಡುವ ಜಾಗ.”

ಊಟಕ್ಕೆ ಬಾಳೆಲೆ ಹಾಕಿಸಿದ್ದೆ. ಒಬ್ಬಟ್ಟಿನ ಮೇಲೆ ತುಪ್ಪ ಬೀಳುತ್ತಿರುವಾಗ ಆತ ಮತ್ತೊಮ್ಮೆ, ಇದು ಮೂರನೇ ಸಲ, ಬಹಳ ವಿನಯದಿಂದ ಕೇಳಿದ. ಕೈಯಲ್ಲಿ ಮಾಡುವ ಕೆಲಸ ಎಲ್ಲಾದರೂ ಒಂಚೂರು ಇದೆಯೇ? “ನೋ, ನೋ. ಎವ್ರಿಥಿಂಗ್ ಆಟೋಮ್ಯಾಟಿಕ್!” ಎಂದು ನಾನು ಇನ್ನೊಂದು ಒಬ್ಬಟ್ಟು ಬಡಿಸಿದೆ. ಆತ ಪುಸ್ತಕ ಮುಚ್ಚಿ ಜೇಬಿಗಿಟ್ಟುಕೊಂಡ.

ಹದಿನೈದು ದಿನಕ್ಕೆ ಮೇಲ್ ಬಂತು. ಇಂಥ ಸಭ್ಯ ಭಾಷೆಯಲ್ಲಿ ಯಾರೂ ನನ್ನ ಕತ್ತು ಕೊಯ್ದಿರಲಿಲ್ಲ. ಎಲ್ಲವೂ ಮೆಷಿನ್ನಿನಲ್ಲೇ ಆಗುತ್ತದೆಂದು ತಿಳಿದು ಸಂತೋಷವಾಯಿತು, ಆ ಮೆಷಿನ್ ನಮ್ಮಲ್ಲೂ ಇದೆ, ರಾತ್ರಿ ಯಾರೂ ಇಲ್ಲದೆಯೂ ಓಡುತ್ತದೆ. ಹಾಗಿರುವಾಗ ಕೊಳವೆಗಳನ್ನು ಸಮುದ್ರ ದಾಟಿಸುವ ಅಗತ್ಯ ನಮಗೆ ಕಾಣುತ್ತಿಲ್ಲ. ಸೂಕ್ತ ಸೆಟ್ಟಿಂಗ್ ಅನ್ನು ನಾವೇ ಹುಡುಕಿಕೊಳ್ಳುತ್ತೇವೆ. ಹನ್ನೊಂದು ವರ್ಷಗಳ ಸಹಕಾರಕ್ಕೆ ಕೃತಜ್ಞತೆಗಳು.

ನಾನು ಕೂಗಾಡಿದೆ. ಮೋಸಗಾರರು ಎಂದೆ, ಬಿಳಿಯರ ಬುದ್ಧಿ ಎಂದೆ. ಸಿಕ್ಕಿದವರ ಮೇಲೆಲ್ಲ ಹರಿಹಾಯ್ದೆ. ಪಾರ್ಕಿನಲ್ಲಿ ಮಾತ್ರ, “ರಫ್ತು ಬಿಟ್ಬಿಟ್ಟೆ ಸಾರ್, ತಲೆನೋವು. ಲೋಕಲ್ ಮಾರ್ಕೆಟ್ಟೇ ಸಖತ್ತಾಗಿದೆ,” ಎಂದೆ. ಸತ್ಯ ಹೇಳಿದರೆ ಯುರೋಪು ಮತ್ತೆ ಮೇಲೆದ್ದುಬಿಡುತ್ತಿತ್ತು.

ಕೊಳವೆಗಳ ಕೆಲಸ ನಿಂತ ಮೇಲೆ ಮೇಸ್ತ್ರಿಗೆ ಕೆಲಸವಿರಲಿಲ್ಲ. ಮೊದಲು ಕಳಿಸಿದ ಆರು ಜನರಲ್ಲಿ ಅವರೂ ಒಬ್ಬರು. ಶಾಲು ಹೊದಿಸಿದೆ, ಹಣ್ಣಿನ ಬುಟ್ಟಿ ಕೊಟ್ಟೆ, ನೀವೆಲ್ಲ ನಮ್ಮ ಕುಟುಂಬದವರಿದ್ದ ಹಾಗೆ ಎಂದು ಭಾಷಣ ಮಾಡಿದೆ. ಅವರು ಶಾಲು ಮಡಚಿಕೊಳ್ಳುತ್ತ ಕೇಳಿದರು.

“ನನ್ ಕೆಲ್ಸದಲ್ಲಿ ಏನಾದ್ರೂ ತಪ್ಪಾಯ್ತಾ ಸಾರ್?”

“ಇಲ್ಲಪ್ಪ. ಯುರೋಪಲ್ಲಿ ಮಾರ್ಕೆಟ್ ಬಿದ್ದೋಗಿದೆ,” ಎಂದೆ.

ಒಂಬತ್ತು ತಿಂಗಳ ನಂತರ ಒಂದು ಬೆಳಿಗ್ಗೆ ಆ ಜರ್ಮನಿಯವನು ಮತ್ತೆ ಬಂದ. ಈ ಸಲ ಹೇಳಿ ಬರಲಿಲ್ಲ. ಹಾರವಿಲ್ಲ, ಕುಂಡವಿಲ್ಲ, ನೆಲದ ಹಸಿರು ಎದ್ದು ಹೋಗಿತ್ತು. ಚೀಲದಿಂದ ಒಂದು ಡಬ್ಬಿ ತೆಗೆದು ನನ್ನ ಮೇಜಿನ ಮೇಲಿಟ್ಟ. ಅದರಲ್ಲಿ ಅವರೇ ಮಾಡಿದ ಕೊಳವೆಗಳು. ಎಲ್ಲದರಲ್ಲೂ ಪಿನ್ನು ಸಿಕ್ಕಿಕೊಂಡಿತ್ತು.

“ನೂರಾರು ಸೆಟ್ಟಿಂಗ್ ಪ್ರಯತ್ನಿಸಿದೆವು,” ಎಂದ. “ನಾವು ಸೋತೆವು. ನಿಮ್ಮ ಸೆಟ್ಟಿಂಗ್ ಹೇಳಿ.”

ನಾವು ಸೋತೆವು ಎಂದು ಆತ ಎಷ್ಟು ಸಲೀಸಾಗಿ ಹೇಳಿದ! ನಲವತ್ತು ವರ್ಷದಲ್ಲಿ ಆ ಎರಡು ಪದ ನನ್ನ ಬಾಯಲ್ಲಿ ಒಮ್ಮೆಯೂ ಬಂದಿರಲಿಲ್ಲ. ಇನ್ನೊಂದು ಸುಳ್ಳಿಗೆ ತಡಕಾಡುತ್ತಿದ್ದೆ. ಕ್ವಾಲಿಟಿ ಹುಡುಗಿ ತನ್ನ ಕುರ್ಚಿಯಿಂದ ಎದ್ದು ಬಂದು ನನ್ನ ಮೇಜಿನ ಪಕ್ಕ ನಿಂತಳು.

“ನೀವು ಹೇಳ್ತೀರೋ ಸರ್, ನಾ ಹೇಳ್ಲ್ಯೋ?”

ನಾನೇ ಹೇಳಿದೆ. ಮೆಷಿನ್ನಲ್ಲ, ಒಬ್ಬ ಮನುಷ್ಯ. ಊದುಬತ್ತಿ ಕಡ್ಡಿಯಲ್ಲಿ ಮಾಡುತ್ತಿದ್ದ. ಸರಿಯಾಗಿ ಏನು ಮಾಡುತ್ತಿದ್ದ ಎಂಬುದು ನನಗೆ ಗೊತ್ತಿಲ್ಲ. ಆತ ಕೋಪಿಸಿಕೊಂಡಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು. ಆತ ಪುಸ್ತಕ ತೆಗೆದು ಬರೆದುಕೊಂಡು, ಅವರೆಲ್ಲಿದ್ದಾರೆ ಎಂದಷ್ಟೇ ಕೇಳಿದ.

ಮೇಸ್ತ್ರಿ ಈಗ ತಲಘಟ್ಟಪುರದ ಹತ್ತಿರ ಒಂದು ಅಪಾರ್ಟ್‌ಮೆಂಟಿನಲ್ಲಿ ಸೆಕ್ಯುರಿಟಿ ಕೆಲಸದಲ್ಲಿದ್ದರು. ಅದೂ ನನಗೆ ಗೊತ್ತಿರಲಿಲ್ಲ, ಹುಡುಗಿಗೆ ಗೊತ್ತಿತ್ತು. ನಾನೂ ಆತನೂ ನನ್ನ ಕಾರಿನಲ್ಲಿ ಹೊರಟೆವು. ಕನಕಪುರ ರಸ್ತೆಯ ಸಿಗ್ನಲ್ಲಿನಲ್ಲಿ ನಿಂತಾಗ ಆತ ಮಾತು ತೆಗೆದ.

“ಕೈಯ ಕೆಲಸವಾದರೆ ಆರ್ಡರ್ ಆ ಕೈ ಇರುವಲ್ಲಿಯೇ ಇರಲಿ. ಅವರು ನಿಮ್ಮಲ್ಲಿಗೆ ವಾಪಸ್ ಬರುವುದಾದರೆ ನಾಳೆಯಿಂದಲೇ ನಿಮಗೆ ಆರ್ಡರ್ ಕೊಡುತ್ತೇನೆ.”

ನನ್ನ ಎದೆ ಹಗುರವಾಯಿತು. ಮೇಸ್ತ್ರಿ ಬರದೇ ಏನು? ಗೇಟು ಕಾಯುವುದಕ್ಕಿಂತ ಇದು ವಾಸಿಯಲ್ಲವೇ? ಕಳಿಸಿದ ಉಳಿದವರನ್ನೂ ವಾಪಸ್ ಕರೆಯಬಹುದು. ಖುಷಿಯಲ್ಲಿ ನಾನು ಆತನನ್ನು, ಇಷ್ಟು ಖರ್ಚಿನ ದೇಶದಲ್ಲಿ ನೀವು ಕಾರ್ಖಾನೆ ಹೇಗೆ ನಡೆಸುತ್ತೀರಿ ಎಂದು ಕೇಳಿದೆ. ಪಾರ್ಕಿನಲ್ಲಿ ಉತ್ತರ ಹೇಳುತ್ತ ಬಂದಿದ್ದವನು ಪ್ರಶ್ನೆ ಕೇಳಿದ್ದು ಅದೇ ಮೊದಲು.

ಆತ ಸ್ವಲ್ಪ ಯೋಚಿಸಿದ. “ನಮ್ಮಲ್ಲಿ ಜನ ಬಹಳ ದುಬಾರಿ. ಅವರಿಗೆ ಗೊತ್ತಿರುವುದನ್ನು ಕೇಳದೆ ಬಿಡುವಷ್ಟು ಶ್ರೀಮಂತರಲ್ಲ ನಾವು.”

ಸಿಗ್ನಲ್ ಬಿಟ್ಟಿತು.

ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಮೇಸ್ತ್ರಿ ಯೂನಿಫಾರಂ ಹಾಕಿಕೊಂಡು, ತಲೆಗೆ ದೊಡ್ಡದಾದ ಟೋಪಿಯಿಟ್ಟುಕೊಂಡು ನಿಂತಿದ್ದರು. ನನ್ನನ್ನು ಕಂಡು ಸಲ್ಯೂಟ್ ಹೊಡೆದರು. ಅಭ್ಯಾಸಬಲ ಇರಬೇಕು, ಆಮೇಲೆ ಪುಸ್ತಕ ಮುಂದೆ ಹಿಡಿದರು. ಬಂದವರೆಲ್ಲ ಅದರಲ್ಲಿ ಬರೆಯಲೇಬೇಕು, ಯಾರನ್ನು ನೋಡಲು ಬಂದಿರಿ ಎಂಬ ಕಾಲಂ ತುಂಬಲೇಬೇಕು. ಪುಟದ ಉದ್ದಕ್ಕೂ ಫ್ಲ್ಯಾಟ್ ನಂಬರುಗಳೇ. ನಾವು ಮೇಸ್ತ್ರಿಯ ಹೆಸರು ಬರೆದೆವು. ಓದಿ ಅವರು ಒಂದು ಗಳಿಗೆ ಕಕ್ಕಾಬಿಕ್ಕಿಯಾದರು. ಆಮೇಲೆ ತಮ್ಮ ಜೊತೆಯವನನ್ನು ಗೇಟಿಗೆ ನಿಲ್ಲಿಸಿ, ನಮ್ಮನ್ನು ಕಾವಲಿನ ಗೂಡಿನೊಳಕ್ಕೆ ಕರೆದು ಎರಡು ಪ್ಲಾಸ್ಟಿಕ್ ಕುರ್ಚಿ ಹಾಕಿದರು. ತಾವು ನಿಂತೇ ಇದ್ದರು. ಆತ ಎದ್ದು ತನ್ನ ಕುರ್ಚಿಯಲ್ಲಿ ಅವರನ್ನು ಕೂರಿಸಿ, ತಾನು ನೀರಿನ ಕ್ಯಾನಿನ ಮೇಲೆ ಕೂತ.

ಮೇಸ್ತ್ರಿಗೆ ಇಂಗ್ಲಿಷ್ ಬಾರದು, ಆತನಿಗೆ ಕನ್ನಡ ಬಾರದು. ಎರಡೂ ಬರುತ್ತಿದ್ದವನು ಅಲ್ಲಿ ನಾನೊಬ್ಬನೇ.

ಒಂದೂವರೆ ಗಂಟೆ ಆತ ಪ್ರಶ್ನೆ ಕೇಳಿದ, ನಾನು ಅತ್ತಿಂದಿತ್ತ ಮಾತು ದಾಟಿಸಿದೆ. ಉಕ್ಕಿನ ಕಡ್ಡಿ ಯಾಕಲ್ಲ? ಉಕ್ಕು ಒಳಗೆ ಗೀರುತ್ತದೆ. ಬೇರೆ ಮರ? ಬೇವಿನ ಕಡ್ಡಿ, ಐಸ್‌ಕ್ರೀಂ ಕಡ್ಡಿ, ಹಲ್ಲುಕಡ್ಡಿ ಎಲ್ಲ ನೋಡಿದ್ದಾಯಿತು. ಊದುಬತ್ತಿಯ ಬಿದಿರು ಮಾತ್ರ ಬಾಗುತ್ತದೆ, ಮುರಿಯುವುದಿಲ್ಲ, ಅಂಚು ಉಜ್ಜುವ ಪೇಸ್ಟನ್ನು ತನ್ನ ತುದಿಯಲ್ಲಿ ಹಿಡಿದುಕೊಳ್ಳುತ್ತದೆ. ಹತ್ತಿ ಯಾಕೆ? ಕೊನೆಗೆ ಒಂದು ಎಳೆ ಹತ್ತಿಯನ್ನು ತೂತಿನಲ್ಲಿ ಎಳೆಯಬೇಕು. ಕಣ್ಣಿಗೆ ಕಾಣದ ಚೂರು ಉಳಿದಿದ್ದರೆ ಹತ್ತಿ ಸಿಕ್ಕಿಕೊಳ್ಳುತ್ತದೆ. ಮೇಸ್ತ್ರಿ ಮನೆಯಿಂದ ತಂದ ಊಟದ ಚೀಲಕ್ಕೆ ಕೈ ಹಾಕಿ ಹತ್ತಿ ತೆಗೆದರು, ಆ ಗೇಟಿನಲ್ಲೂ ಅವರ ಹತ್ತಿರ ಹತ್ತಿಯಿತ್ತು, ಆತನ ಡಬ್ಬಿಯಿಂದ ಒಂದು ಕೊಳವೆ ತೆಗೆದುಕೊಂಡು ಎಳೆದು ತೋರಿಸಿದರು. ಸಿಕ್ಕಿಕೊಂಡಿತು. ಆತ ಚಿಕ್ಕ ಮಗುವಿನ ಹಾಗೆ ಬಾಯಿ ತೆರೆದು ನೋಡಿದ.

“ಇದನ್ನು ಯಾವಾಗ ಶುರು ಮಾಡಿದರು?”

“ಸಾರ್‌ಗೆ ಗೊತ್ತಲ್ಲ,” ಎಂದರು ಮೇಸ್ತ್ರಿ. “ಮೊದಲನೇ ವರ್ಷ ಮಾಲೆಲ್ಲ ವಾಪಸ್ ಬಂದಿತ್ತಲ್ಲ ಸಾರ್? ನೀವು ಎಲ್ರುನೂ ನಿಲ್ಸಿ ಬೈದ್ರಲ್ಲ? ಆಮೇಲೆ.”

ನನಗೆ ಆ ಬೈಗುಳ ಚೆನ್ನಾಗಿ ನೆನಪಿತ್ತು. ಅದಾದ ಮೇಲೆ ಒಂದು ಕೊಳವೆಯೂ ವಾಪಸ್ ಬಂದಿರಲಿಲ್ಲ. ಎಲ್ಲ ನನ್ನ ಬೈಗುಳದ ಫಲ ಎಂದು ಹತ್ತು ವರ್ಷ ನಂಬಿದ್ದೆ. ಉದ್ಯಮಿಗಳ ಸಭೆಯಲ್ಲಿ ಶಿಸ್ತಿನ ಮಹತ್ವ ಎಂಬ ವಿಷಯದ ಮೇಲೆ ಅದನ್ನೇ ಉದಾಹರಣೆ ಕೊಟ್ಟು ಮಾತಾಡಿದ್ದೆ, ಚಪ್ಪಾಳೆಯೂ ಬಿದ್ದಿತ್ತು.

“ಮಾಲೀಕರಿಗೆ ಯಾಕೆ ಹೇಳಲಿಲ್ಲ?” ಎಂದ ಆತ.

“ಎರಡ್ ಸಲ ಹೇಳಣ ಅಂತ ಬಂದಿದ್ದೆ. ಸಾರ್ ಬಿಜಿ ಇದ್ರು.”

ಇದನ್ನೂ ದಾಟಿಸಿದೆ. ಆತ ಬರೆದುಕೊಂಡು ಪುಟ ತಿರುಗಿಸಿದ. ಆಮೇಲೆ ನಾನು ಕಾಯುತ್ತಿದ್ದ ಪ್ರಶ್ನೆ ಕೇಳಿದ. “ಇವರ ಕಾರ್ಖಾನೆಗೆ ನೀವು ಮತ್ತೆ ಕೆಲಸಕ್ಕೆ ಹೋಗುತ್ತೀರಾ? ಹೋದರೆ ಆರ್ಡರ್ ಅಲ್ಲಿಗೇ ಬರುತ್ತದೆ.”

ನಾನು ಅದನ್ನು ಮೇಸ್ತ್ರಿಗೆ ಹೇಳಿದೆ. ಸಂಬಳ ಜಾಸ್ತಿ ಮಾಡುತ್ತೇನೆ ಎಂಬ ಮಾತನ್ನೂ ನನ್ನ ಕಡೆಯಿಂದ ಸೇರಿಸಿದೆ. ಮೇಸ್ತ್ರಿ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. ನನ್ನನ್ನು ನೋಡದೆ, ಆತನನ್ನು ನೋಡಿ ಮಾತಾಡಿದರು.

“ಸಾರ್ ಒಳ್ಳೇರೇ. ಅನ್ನ ಹಾಕ್ದೋರು. ಆದ್ರೆ ನಾಳೆ ಇನ್ಯಾರಾದ್ರೂ ದೊಡ್ಡೋರು ಬಂದ್ರೆ ನನ್ನ ಮತ್ತೆ ಮನೇಗ್ ಕಳಿಸ್ತಾರೆ. ಅವತ್ತು ರಜಾ ಕೊಟ್ರಲ್ಲ, ಮನೇಲಿ ಹೆಂಡ್ತಿ ಕೇಳಿದ್ಲು, ನಿನ್ ಕೆಲ್ಸ ನೋಡಕ್ಕೆ ಬಂದೋರು ಏನಂದ್ರು ಅಂತ. ಚೆನ್ನಾಗಿದೆ ಅಂದ್ರು ಅಂತ ಸುಳ್ಳು ಹೇಳ್ದೆ. ಇನ್ನೊಂದ್ಸಲ ಹಂಗೆ ಹೇಳಕ್ಕಾಗಲ್ಲ.”

ಆತ ಪೆನ್ನು ಹಿಡಿದು ನನ್ನ ಮುಖ ನೋಡಿದ. “ಏನಂದರು?”

ಬರುತ್ತಾರಂತೆ ಎಂದರೆ ಸಾಕಿತ್ತು. ಆರ್ಡರ್ ನನ್ನದು. ಮೇಸ್ತ್ರಿಯನ್ನು ಆಮೇಲೆ ಹೇಗಾದರೂ ಒಪ್ಪಿಸಬಹುದಿತ್ತು, ಒಪ್ಪಿಸುವುದರಲ್ಲಿ ನಾನು ನಿಸ್ಸೀಮ. ನಾಲಿಗೆ ತುದಿಗೆ ಬಂದಿತ್ತು ಕೂಡ. ಆದರೆ ಮೇಸ್ತ್ರಿ ನನ್ನ ಮಾತಿಗೆ ಕಾಯುತ್ತ ಕೂತಿದ್ದರು, ಒಂದಕ್ಷರ ಅರ್ಥವಾಗದಿದ್ದರೂ ನಾನು ಸರಿಯಾಗಿಯೇ ಹೇಳುತ್ತೇನೆ ಎಂಬ ನಂಬಿಕೆಯಿಂದ. ಆ ನಂಬಿಕೆ ನೋಡಿ ನನಗೆ ಅಳು ಬಂತು. ಹೆಂಡತಿಗೆ ಹೇಳಿದ ಸುಳ್ಳಿನ ಸಮೇತ ಒಂದು ಮಾತೂ ಬಿಡದೆ ಇಂಗ್ಲಿಷಿನಲ್ಲಿ ಹೇಳಿದೆ.

ಆತ ಎಲ್ಲವನ್ನೂ ಬರೆದುಕೊಂಡ. ಹಾಗಿದ್ದರೆ ಈ ಕೆಲಸವನ್ನು ನಾವೇ ಕಲಿಯುತ್ತೇವೆ, ಆರ್ಡರ್ ನಮ್ಮಲ್ಲೇ ಇರಲಿ ಎಂದು ನನಗೆ ಹೇಳಿದ. ನಾನು ತಲೆಯಾಡಿಸಿದೆ. ಆಮೇಲೆ ಮೇಸ್ತ್ರಿಯ ಕಡೆ ತಿರುಗಿ, ಮೂರು ತಿಂಗಳು ನಮ್ಮೂರಿಗೆ ಬಂದು ನಮ್ಮವರಿಗೆ ಕಲಿಸುತ್ತೀರಾ, ನಮ್ಮ ಫಿಟ್ಟರುಗಳಿಗೆ ಕೊಡುವ ಸಂಬಳವನ್ನೇ ನಿಮಗೂ ಕೊಡುತ್ತೇವೆ ಎಂದ. ನಾನು ಕನ್ನಡದಲ್ಲಿ ಹೇಳಿದೆ. ಮೇಸ್ತ್ರಿಗೆ ನಂಬಿಕೆಯಾಗಲಿಲ್ಲ, ಇನ್ನೊಮ್ಮೆ ಹೇಳಿಸಿಕೊಂಡರು. ನಂತರ ಅವರು ನನ್ನ ಕಡೆ ತಿರುಗಿ, ಕುರ್ಚಿಯಿಂದ ಅರ್ಧ ಎದ್ದು, ಮೆಲ್ಲಗೆ ಕೇಳಿದರು.

“ಹೋಗ್ಲಾ ಸಾರ್?”

“ಹೋಗ್ಬನ್ನಿ ಮೇಸ್ತ್ರಿ,” ಎಂದೆ.

“ಏನು ಕೇಳಿದರು?” ಎಂದ ಆತ.

“ನನ್ನ ಅಪ್ಪಣೆ ಕೇಳಿದರು.”

ಆತ ಅದೊಂದನ್ನು ಮಾತ್ರ ಬರೆದುಕೊಳ್ಳಲಿಲ್ಲ.